ನಿಲ್ಲದ ಕೆಲಸ

"ಅವ್ರಿಲ್ದೆ ಆಫೀಸಲ್ಲಿ ತುಂಬಾ ತೊಂದ್ರೆ ಆಯ್ತಾ ಅಕ್ಷತಾ?" ಎಂದು ಭಾನುಪ್ರಿಯಾ ಕೇಳಿದಾಗ ಅಕ್ಷತಳ ಬಾಯಲ್ಲಿ ಕಾಫಿಯಿತ್ತು. ಅದನ್ನು ನುಂಗುವಷ್ಟು ಹೊತ್ತು ಸಿಕ್ಕಿದ್ದೇ ಪುಣ್ಯವೆನ್ನಿಸಿತು.

ಭಾನುಪ್ರಿಯಾಳ ಗಂಡ ಹರಿಪ್ರಸಾದ್ ತೀರಿಕೊಂಡು ತಿಂಗಳಾಗುತ್ತ ಬಂದಿತ್ತು. ಒಂದು ಸೋಮವಾರ ಬೆಳಿಗ್ಗೆ ಸ್ನಾನಕ್ಕೆ ಹೊರಟವನು ಬಚ್ಚಲ ಬಾಗಿಲಲ್ಲೇ ಕುಸಿದಿದ್ದ. ನಲವತ್ತು ತುಂಬಿರಲಿಲ್ಲ. ಮಣ್ಣಿನ ದಿನ ಜನರ ನಡುವೆ ಏನೂ ಮಾತಾಡಲಾಗದೆ ಹಿಂತಿರುಗಿದ್ದ ಅಕ್ಷತ ಈ ಭಾನುವಾರ ದೇವನಹಳ್ಳಿಯಿಂದ ಒಬ್ಬಳೇ ದೊಡ್ಡಬಳ್ಳಾಪುರಕ್ಕೆ ಬಂದಿದ್ದಳು.

ಅವಳೂ ಹರಿಪ್ರಸಾದನೂ ಕೆಲಸ ಮಾಡುತ್ತಿದ್ದ, ವಿಮಾನ ನಿಲ್ದಾಣದ ರಸ್ತೆಯ ಕಂಪನಿ ಹಾಲಿನ ಡೇರಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಿತ್ತು. ಮೊದಲು ಎಲ್ಲವೂ ಆಫೀಸಿನ ಒಂದೇ ಯಂತ್ರದ ಮೇಲೆ ನಿಂತಿತ್ತು. ಅದು ಕೆಟ್ಟರೆ ಹೊಸಕೋಟೆಯ ಕಡೆಯ ಹಳ್ಳಿಗಳಲ್ಲಿ ಜನ ಹಾಲು ಹಿಡಿದು ಕಾಯಬೇಕಿತ್ತು. ಅದನ್ನು ಕ್ಲೌಡಿಗೆ, ಎಂದರೆ ಬೇರೆಡೆ ಇರುವ ಹಲವು ಸರ್ವರುಗಳ ಮೇಲಕ್ಕೆ, ಸಾಗಿಸುವ ಹೊಣೆ ಹರಿಪ್ರಸಾದನಿಗೆ ಬಿತ್ತು.

"ಯಾವ ಸರ್ವರ್ ಆದ್ರೂ ಯಾವಾಗ ಬೇಕಾದ್ರೂ ಸಾಯುತ್ತೆ ಅಂತ್ಲೇ ತಿಳ್ಕೊಂಡು ಕಟ್ಬೇಕು ಕಣ್ರಪ್ಪಾ," ಎನ್ನುತ್ತಿದ್ದ. "ಒಂದು ಹೋದ್ರೆ ಇನ್ನೊಂದು ಎತ್ಕೋಬೇಕು. ಮನುಷ್ಯರೂ ಅಷ್ಟೇ."

ದೊಡ್ಡ ಗುಂಪನ್ನು ಒಡೆದು ಚಿಕ್ಕ ಚಿಕ್ಕ ತಂಡ ಮಾಡಿದ. ಹಾಲಿನ ತೂಕದ ಕೆಲಸ ಒಂದು ತಂಡಕ್ಕೆ, ರೈತರ ಬಟವಾಡೆ ಇನ್ನೊಂದಕ್ಕೆ. ಬರೆದವರೇ ನಡೆಸಬೇಕು, ಕೆಟ್ಟರೆ ಅವರೇ ಸರಿಮಾಡಬೇಕು. ಯಾವ ವಿಷಯವೂ ಒಬ್ಬನ ತಲೆಯಲ್ಲಿ ಮಾತ್ರ ಇರಕೂಡದು. ಒಮ್ಮೊಮ್ಮೆ ನಡುಮಧ್ಯಾಹ್ನ ಓಡುತ್ತಿದ್ದ ಸರ್ವರನ್ನು ತಾನೇ ಬೀಳಿಸಿ, ಇನ್ನೊಂದು ಎತ್ತಿಕೊಳ್ಳುತ್ತದೆಯೇ ಎಂದು ಕೈಕಟ್ಟಿ ನೋಡುತ್ತ ಕೂರುತ್ತಿದ್ದ. ತನ್ನ ಜೊತೆಯಲ್ಲೇ ಕೆಲಸ ಕಲಿತಿದ್ದ ಅಕ್ಷತಳನ್ನು ಬೇರೆ ತಂಡಕ್ಕೆ ಮುಖ್ಯಸ್ಥೆ ಮಾಡಿದಾಗ ಅವಳು, "ಕೈಬಿಡ್ತಾ ಇದೀರಾ ಸರ್?" ಎಂದು ಜಗಳಕ್ಕೇ ನಿಂತಿದ್ದಳು. ಅವನು ನಕ್ಕಿದ್ದ.

ಆ ಸೋಮವಾರ ಸುದ್ದಿ ಬಂದಾಗ ಎಲ್ಲರೂ ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಇಲ್ಲಿಗೆ ಓಡಿ ಬಂದಿದ್ದರು. ಸಂಜೆ ಒಂದು ಸರ್ವರ್ ನಿಜವಾಗಿಯೂ ಬಿತ್ತು. ಇನ್ನೊಂದು ಅದರ ಕೆಲಸ ಎತ್ತಿಕೊಂಡಿತು. ಹಳ್ಳಿಗಳಲ್ಲಿ ಹಾಲು ಎಂದಿನಂತೆ ತೂಕವಾಯಿತು. ಯಾರಿಂದಲೂ ಒಂದು ಫೋನ್ ಬರಲಿಲ್ಲ. ಮಾರನೆಯ ದಿನ ಅದು ಗೊತ್ತಾದಾಗ ಅಕ್ಷತ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತಿದ್ದಳು. ಇವತ್ತು ಬಂದದ್ದೂ ಅದನ್ನು ಹೇಳಲೆಂದೇ: ಒಂದು ನಿಮಿಷವೂ ನಿಲ್ಲಲಿಲ್ಲ ಅಕ್ಕಾ, ಅಷ್ಟು ಚೆನ್ನಾಗಿ ಕಟ್ಟಿ ಹೋಗಿದ್ದಾರೆ.

ಲೋಟ ಕೆಳಗಿಡುವಷ್ಟರಲ್ಲಿ ಭಾನುಪ್ರಿಯಾಳೇ ಮುಂದುವರಿಸಿದಳು. "ಹಿಂದಿನ ಬುಧವಾರದಿಂದ್ಲೇ ಎದೆ ಹಿಡ್ಕೊಂಡಂಗೆ ಆಗ್ತಿದೆ ಅಂತಿದ್ರು. ಆಸ್ಪತ್ರೆಗೆ ಹೋಗಣ ಬನ್ನಿ ಅಂತ ಬಡ್ಕೊಂಡೆ. ಈ ವಾರ ಆಗಲ್ಲ ಕಣೇ, ನಾನಿಲ್ದಿದ್ರೆ ಅಲ್ಲಿ ಎಲ್ಲಾ ನಿಂತೋಗುತ್ತೆ ಅಂದ್ರು. ನಾನೂ ಸುಮ್ನಾದೆ." ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು. "ಅಷ್ಟೊಂದು ಕೆಲ್ಸ ಇತ್ತಾ?"

ಆ ವಾರ ಅಂಥ ಕೆಲಸವೇನೂ ಇರಲಿಲ್ಲ. ಶುಕ್ರವಾರ ಮಧ್ಯಾಹ್ನವೆಲ್ಲ ಅವನು ಹೊಸಬರ ಜೊತೆ ಹರಟುತ್ತ ಕೂತಿದ್ದ. ಆಸ್ಪತ್ರೆಯ ಭಯವೋ, ಮನೆಯಲ್ಲಿ ಹೇಳಲು ಸುಲಭದ ನೆಪವೋ. ಇಲ್ಲಾ, ನಾನಿಲ್ಲದಿದ್ದರೆ ನಿಂತುಹೋಗುತ್ತದೆ ಎಂಬ ಮಾತನ್ನು ಅವನಿಗೂ ಎಲ್ಲಾದರೂ ಒಂದು ಕಡೆ ಹೇಳಿಕೊಳ್ಳಬೇಕಿತ್ತೋ. ಅಕ್ಷತಳಿಗೆ ಅವನ ಮೇಲೆ ಸಿಟ್ಟು ಬಂತು. ಕೇಳಲು ಅವನಿರಲಿಲ್ಲ.

"ಇತ್ತು ಅಕ್ಕಾ," ಎಂದಳು. "ತುಂಬಾ ಇತ್ತು."

"ಮತ್ತೆ ಅವ್ರು ಹೋದ್ಮೇಲೆ?"

"ನಿಂತೋಗಿತ್ತು. ಎರಡು ದಿನ ಏನೂ ನಡೀಲಿಲ್ಲ. ಯಾರಿಗೂ ಕೈಯೇ ಓಡ್ಲಿಲ್ಲ."

ಭಾನುಪ್ರಿಯಾ ಉಸಿರು ಬಿಟ್ಟು ಗೋಡೆಗೆ ಒರಗಿದಳು. "ಅಂಗಾದ್ರೆ ಅವ್ರು ಸುಳ್ಳು ಹೇಳಿರ್ಲಿಲ್ಲ," ಎಂದಳು, ತನಗೇ ಎಂಬಂತೆ.

ಅಡುಗೆಮನೆಯಿಂದ ಮಾತೆಲ್ಲ ಕೇಳಿಸಿಕೊಂಡಿದ್ದ ಭಾನುಪ್ರಿಯಾಳ ಅತ್ತೆ ಪಾಪಕ್ಕ, ಊಟ ಮಾಡದೆ ಹೋಗಬಾರದೆಂದು ಎಲೆ ಹಾಕಿದರು. ಅನ್ನ ಬಡಿಸಿ, ಸಾರು ಬಿಟ್ಟು, ಕೈ ಒರೆಸಿಕೊಳ್ಳುತ್ತ ಹಿತ್ತಲಿಗೆ ಹೋದರು. ಕಾಂಪೌಂಡಿನಾಚೆ ಪಕ್ಕದ ಮನೆಯ ಗಂಗಲಕ್ಷ್ಮಮ್ಮ ಬಟ್ಟೆ ಒಣಹಾಕುತ್ತಿದ್ದರು.

"ಆಫೀಸಿಂದ ಹುಡ್ಗಿ ಬಂದವ್ಳೆ ಕಣಮ್ಮಾ," ಪಾಪಕ್ಕನ ಮಾತು ಒಳಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. "ನನ್ ಮಗ ಇಲ್ದೆ ಎರಡು ದಿನ ಎಲ್ಲಾ ನಿಂತೋಗಿತ್ತಂತೆ."

ಅನ್ನ, ಸಾರು ಆಗಲೇ ಬೆರೆತಿದ್ದವು. ಅಕ್ಷತ ಇನ್ನೂ ಕಲಸುತ್ತಲೇ ಇದ್ದಳು.