ವಾಡೆಯ ಕಂಬಗಳ ಲೆಕ್ಕ

ವನಜಾಕ್ಷಿ ಬರೆದುಕೊಂಡಿದ್ದ ಪಟ್ಟಿಯಲ್ಲಿ ಮೊದಲು ಇದ್ದದ್ದು ವಾಡೆ, ನಾಯಕರ ಕಾಲದ ದೊಡ್ಡ ಮನೆ. ಆಮೇಲೆ ಜಟಿಂಗ ರಾಮೇಶ್ವರದ ಬೆಟ್ಟ, ಊಟ, ಕೊನೆಗೆ ಬ್ರಹ್ಮಗಿರಿಯ ಅಶೋಕನ ಶಾಸನ. ಟೆಂಪೊ ಚಳ್ಳಕೆರೆ ದಾಟಿ ಹತ್ತು ಮೈಲಿ ಹೋಗುವುದರೊಳಗೆ ಆ ಪಟ್ಟಿ ತಲೆಕೆಳಗಾಯಿತು. ಬಿಸಿಲೇರುವ ಮುಂಚೆ ಬೆಟ್ಟ ಹತ್ತಿ ಇಳಿಯೋಣ, ಹಳೇ ಮನೆ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ರಾಜಣ್ಣ ಕೂಗಿದ. ಹಿಂದಿನ ಸೀಟಿನಲ್ಲಿದ್ದ ಆಫೀಸಿನವರೆಲ್ಲ ಹೌದೆಂದರು. ಶೇಂಗಾ ಮಂಡಿಯ ಆಫೀಸಿನಲ್ಲಿ ರಾಜಣ್ಣನ ಮೇಜು ಅವಳ ಮೇಜಿನ ಪಕ್ಕದ್ದೇ. ಅವನ ಮಾತಿಗೆ ಎದುರಾಡಬೇಕೆಂದು ಅವಳಿಗೆ ಹೊಳೆಯುವಷ್ಟರಲ್ಲಿ ಯಾವಾಗಲೂ ಮಾತು ಮುಗಿದಿರುತ್ತಿತ್ತು.

ಅವಳಿಗೆ ಬೇಕಾಗಿದ್ದದ್ದು ವಾಡೆಯೊಂದೇ. ನೌಕರರ ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ಅವಳು ಮೊಳಕಾಲ್ಮುರಿನ ಆಚೆ ಹಟ್ಟಿಯೊಂದರಲ್ಲಿರುವ ಆ ಹಳೆಯ ನಾಯಕರ ಮನೆಯ ಬಗ್ಗೆ ಬರೆದಿದ್ದಳು. ಸಂಜೆ ಕಾಲೇಜಿನಲ್ಲಿ ನಾಲ್ಕು ವರ್ಷ ಒದ್ದಾಡಿ ಬಿ.ಎ. ಮುಗಿಸಿದವಳಿಗೆ ತನ್ನ ಹೆಸರು ಅಚ್ಚಾಗುವುದು ಇದೇ ಮೊದಲು. ‘ನಡುಮನೆಯಲ್ಲಿ ಇಪ್ಪತ್ನಾಲ್ಕು ಮರದ ಕಂಬಗಳಿವೆ’ ಎಂದು ಬರೆದಿದ್ದಳು. ಅದು ಯಾರೋ ಹೇಳಿದ್ದು. ಅವರಿಗೂ ಇನ್ಯಾರೋ ಹೇಳಿದ್ದು. ಆ ಪುಟ ಸೋಮವಾರ ಬೆಳಿಗ್ಗೆ ಅಚ್ಚಿನ ಮಷಿನ್ನಿಗೆ ಹೋಗಲಿತ್ತು. ಇವತ್ತು ಭಾನುವಾರ. ಈ ಪ್ರವಾಸವನ್ನು ಅವಳು ಹಠ ಹಿಡಿದು ಹೊರಡಿಸಿದ್ದೇ ಆ ಕಂಬಗಳನ್ನು ಕಣ್ಣಾರೆ ಎಣಿಸುವುದಕ್ಕೆ.

ಬೆಟ್ಟ ಹತ್ತಿ ಇಳಿಯಲು ಮೂರು ಗಂಟೆ ಹಿಡಿಯಿತು. ಪ್ರತಿ ತಿರುವಿನಲ್ಲೂ ಯಾರಾದರೊಬ್ಬರು ಕೂರುತ್ತಿದ್ದರು, ಅವರು ಎದ್ದರೆ ಇನ್ನೊಬ್ಬರು ಕೂರುತ್ತಿದ್ದರು. ಬ್ರಹ್ಮಗಿರಿಯ ಬಂಡೆಯ ಮುಂದೆ ಎರಡು ನಿಮಿಷ ನಿಂತು, ಒಬ್ಬರಿಗೂ ಓದಲು ಬಾರದ ಅಕ್ಷರಗಳನ್ನು ನೋಡಿ, ಬೇವಿನ ಮರದಡಿ ಬುತ್ತಿ ಬಿಚ್ಚಿದರು. ಮಾಂಸದಡುಗೆ ಬೇಡವೆಂದು ವನಜಾಕ್ಷಿ ಮೊದಲೇ ಎಲ್ಲರಿಗೂ ಹೇಳಿದ್ದಳು, ಚಿತ್ರಾನ್ನ ತಾನೇ ಮಾಡಿ ತಂದಿದ್ದಳು. ಆದರೆ ರಾಜಣ್ಣನ ಹೆಂಡತಿ ಒಂದು ಡಬ್ಬಿಯ ತುಂಬ ಬೇಯಿಸಿದ ಮೊಟ್ಟೆ ಕಳಿಸಿದ್ದಳು. ಎಲ್ಲರೂ ತಿಂದ ಮೇಲೆ ಒಂದು ಉಳಿಯಿತು. ಪಾಪ, ಕಷ್ಟಪಟ್ಟು ಸುಲಿದು ಕಳಿಸಿದ್ದಾಳೆ, ಬಿಟ್ಟರೆ ಬೇಜಾರಾದೀತು ಎಂದು ವನಜಾಕ್ಷಿ ಅದನ್ನು ಚಿತ್ರಾನ್ನದ ಜೊತೆ ತಿಂದಳು. ತನ್ನ ಪಟ್ಟಿಯ ಪ್ರಕಾರ ಈ ಹೊತ್ತಿಗೆ ವಾಡೆ ನೋಡಿ ಮುಗಿದಿರಬೇಕಿತ್ತು. ವಾಡೆ ಇನ್ನೂ ಮುಂದಿದೆ ಎನ್ನುವುದು ತಿನ್ನುವಾಗ ಅವಳ ತಲೆಗೆ ಬರಲೇ ಇಲ್ಲ.

ವಾಡೆ ತಲುಪಿದಾಗ ನಾಲ್ಕೂವರೆ. ಮಣ್ಣಿನ ದಪ್ಪ ಗೋಡೆ, ಆನೆ ಹೋಗುವಷ್ಟು ಎತ್ತರದ ಬಾಗಿಲು. ಕಾಟಮ್ಮ ಎಂಬ ಮುದುಕಿ ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡು ಜಗಲಿಯ ಮೇಲೆ ಕೂತಿದ್ದಳು. ಆ ಮನೆತನದ ಸೊಸೆ ಅವಳು. ಬಂದವರಿಗೆಲ್ಲ ನೀರು ಕೊಟ್ಟಳು, ಊರು ಕೇಳಿದಳು. ಆಮೇಲೆ ಎಲ್ಲರಿಗೂ ಒಂದೇ ಪ್ರಶ್ನೆ ಹಾಕಿದಳು.

“ಒಳಗೆ ದೇವರ ಪೆಟ್ಟಿಗೆ ಐತೆ. ಇವತ್ತು ಕೋಳಿ, ಮೊಟ್ಟೆ ಏನಾರ ಮುಟ್ಟೀರೇನಪ್ಪ?”

ವನಜಾಕ್ಷಿಗೆ ಬೇವಿನ ಮರದಡಿ ತಿಂದ ಮೊಟ್ಟೆ ನೆನಪಾಯಿತು. ಇದು ಅವಳಿಗೆ ಗೊತ್ತಿಲ್ಲದ ವಿಷಯವಲ್ಲ. ಆ ಹಟ್ಟಿಯ ಜನ ಕೋಳಿ ಸಾಕುವುದಿಲ್ಲ, ತಿನ್ನುವುದಿಲ್ಲ, ಹಟ್ಟಿಯೊಳಕ್ಕೆ ಬಿಟ್ಟುಕೊಳ್ಳುವುದೂ ಇಲ್ಲ ಎಂದು ಅವಳೇ ತನ್ನ ಬರಹದಲ್ಲಿ ಒಂದು ಪ್ಯಾರಾ ಪೂರ್ತಿ ಬರೆದಿದ್ದಳು. ಬುತ್ತಿಯಲ್ಲಿ ಮಾಂಸ ಬೇಡವೆಂದದ್ದೂ ಅದನ್ನು ಹಟ್ಟಿಯೊಳಕ್ಕೆ ಒಯ್ಯಬಾರದೆಂದೇ.

“ಅಯ್ಯೋ, ಬರೇ ಚಿತ್ರಾನ್ನ ಕಣವ್ವ,” ಎಂದ ರಾಜಣ್ಣ, ಕೈಮುಗಿದು. ಉಳಿದವರು ಅವನ ಹಿಂದೆಯೇ ತಲೆಯಾಡಿಸಿದರು. ಮುದುಕಿ ಒಬ್ಬೊಬ್ಬರನ್ನೇ ನೋಡುತ್ತ ವನಜಾಕ್ಷಿಯ ಬಳಿ ಬಂದಳು.

ಇಲ್ಲ ಎನ್ನಲು ಒಂದು ಉಸಿರು ಸಾಕಿತ್ತು.

“ಮೊಟ್ಟೆ ತಿಂದಿದೀನಿ ಅಜ್ಜಿ. ಒಂದು.”

ರಾಜಣ್ಣ ನೆಲ ನೋಡಿದ. ಕಾಟಮ್ಮ ಬೀಗ ತೆಗೆದು ಅವರೆಲ್ಲರನ್ನೂ ಒಳಗೆ ಬಿಟ್ಟಳು. ವನಜಾಕ್ಷಿಯನ್ನು ಹೊಸ್ತಿಲ ಈಚೆಗೇ ನಿಲ್ಲಿಸಿದಳು.

“ಅವರೂ ತಿಂದವ್ರೇ ಅಜ್ಜಿ,” ಎಂದು ಬಾಯಿ ತಪ್ಪಿ ಬಂತು. ಅಂದ ಕೂಡಲೇ ನಾಚಿಕೆಯಾಯಿತು.

“ಗೊತ್ತೈತೆ ಬಿಡು. ಇಲ್ಲ ಅಂದ್ರು, ಅದು ಅವರ ತಲೆ ಮ್ಯಾಲೆ. ನೀನು ಹೇಳಿಬಿಟ್ಟೆ. ಇನ್ನು ಬಿಟ್ರೆ ನನ್ನ ತಲೆ ಮ್ಯಾಲೆ ಬರ್ತೈತೆ. ನಾಳೆ ತಲೆಗೆ ನೀರು ಹಾಕ್ಕಂಡು ಬಾ, ನಾನೇ ಕರಕೊಂಡು ಹೋಗ್ತೀನಿ.”

ಕಂಬ ಎಷ್ಟಿವೆ ಎಂದಾದರೂ ಹೇಳಿ ಎಂದು ವನಜಾಕ್ಷಿ ಕೇಳಿದಳು. ಐವತ್ತು ವರ್ಷದಿಂದ ಅವುಗಳ ಸುತ್ತ ಕಸ ಹೊಡೆದಿದ್ದೇನೆ, ಎಣಿಸಿಲ್ಲ, ಮನೆಯ ಕಂಬ ಯಾರಾದರೂ ಎಣಿಸುತ್ತಾರೇನು ಎಂದಳು ಮುದುಕಿ. ವನಜಾಕ್ಷಿ ಹೊಸ್ತಿಲಿಗೆ ಕಾಲು ತಾಗದಂತೆ ಕತ್ತು ಚಾಚಿ ನೋಡಿದಳು. ಮಬ್ಬಿನಲ್ಲಿ ಮೂರು ಕಂಬ ಕಂಡವು. ನಾಲ್ಕನೆಯದು ಕಂಬವೋ ಬಾಗಿಲ ಚೌಕಟ್ಟೋ ತಿಳಿಯಲಿಲ್ಲ. ರಾಜಣ್ಣನನ್ನು ಕೂಗಿ ಎಣಿಸಲು ಬೇಡಿಕೊಂಡಳು.

ಹತ್ತು ನಿಮಿಷಕ್ಕೆ ಎಲ್ಲರೂ ಹೊರಬಂದರು. ರಾಜಣ್ಣ ಹದಿನೆಂಟು ಎಂದ. ಅವನ ಬೆನ್ನ ಹಿಂದಿದ್ದವರು ಇಪ್ಪತ್ತೆರಡು ಎಂದರು. ಗೋಡೆಯಲ್ಲಿ ಅರ್ಧ ಹುದುಗಿದ್ದನ್ನು ಸೇರಿಸಬೇಕೋ ಬೇಡವೋ ಎಂದು ಟೆಂಪೊದಲ್ಲಿ ಮೊಳಕಾಲ್ಮುರಿನವರೆಗೂ ಜಗಳವಾಯಿತು.

“ಒಂದು ಸುಳ್ಳು ಹೇಳಿದ್ರೆ ಏನಾಗ್ತಿತ್ತು ವನಜಕ್ಕ? ಈಗ ಹದಿನೆಂಟು ಅಂತ ಹಾಕು, ಹೋಗು ಅತ್ಲಾಗೆ. ಯಾರು ಹೋಗಿ ಎಣಿಸ್ತಾರೆ?” ಎಂದ ರಾಜಣ್ಣ.

ಸುಳ್ಳು ಹೇಳದೆ ಇದ್ದದ್ದು ಒಳ್ಳೆಯತನವೋ ಬರೀ ಪುಕ್ಕಲುತನವೋ ಅವಳಿಗೇ ತಿಳಿದಿರಲಿಲ್ಲ.

ಚಳ್ಳಕೆರೆಯಲ್ಲಿ ಇಳಿದವಳು ಮನೆಗೆ ಹೋಗದೆ ನೇರ ಪ್ರೆಸ್ಸಿಗೆ ಹೋದಳು. ಪ್ರೆಸ್ಸಿನ ಹನುಮಂತರಾಯರು ಬಾಗಿಲು ಹಾಕುವುದರಲ್ಲಿದ್ದರು. ತನ್ನ ಪುಟವನ್ನು ಒಂದು ದಿನ ತಡೆಯಿರಿ ಎಂದು ಕೇಳಿದಳು. ಆಗುವುದಿಲ್ಲ, ‘ಹಲವಾರು ಕಂಬಗಳು’ ಎಂದು ತಿದ್ದುತ್ತೇನೆ, ಎಲ್ಲರೂ ಹಾಗೇ ಬರೆಯುವುದು ಎಂದರು ಅವರು. ಹೊಸ್ತಿಲ ಈಚೆ ನಿಂತು ಕತ್ತು ಚಾಚಿದವಳಿಗೆ ‘ಹಲವಾರು’ ಎನ್ನಲೂ ಬಾಯಿ ಬರಲಿಲ್ಲ.

“ಹಂಗಾದ್ರೆ ನನ್ನದು ವಾಪಸ್ ಕೊಡ್ರಿ.”

ಈ ಗಳಿಗೆಯಲ್ಲಿ ಖಾಲಿ ಪುಟಕ್ಕೆ ಏನು ತುಂಬಿಸಲಿ ಎಂದು ಹನುಮಂತರಾಯರು ರೇಗಿದರು. ಕೊನೆಗೆ ಎಣ್ಣೆ ಮಿಲ್ಲಿನವರ ಶುಭಾಶಯದ ಜಾಹೀರಾತನ್ನೇ ದೊಡ್ಡದು ಮಾಡುವುದೆಂದಾಯಿತು. ಹಾಳೆಗಳನ್ನು ಮಡಿಸಿ ಬ್ಯಾಗಿಗೆ ತುರುಕಿಕೊಳ್ಳುವಾಗ ವನಜಾಕ್ಷಿಗೆ ಅಳು ಬಂತು. ಸಿಟ್ಟಿನ ಅಳು, ಯಾರ ಮೇಲಿನ ಸಿಟ್ಟೆಂದು ಗೊತ್ತಾಗದ್ದು.

ಬಸ್ ಸ್ಟ್ಯಾಂಡಿಗೆ ಹೋಗಿ, ಬೆಳಿಗ್ಗೆ ಮೊಳಕಾಲ್ಮುರಿಗೆ ಮೊದಲ ಬಸ್ಸು ಎಷ್ಟಕ್ಕೆ ಎಂದು ವಿಚಾರಿಸಿದಳು.