ಮಡಿಲಲ್ಲಿ ಕುಂಬಳಕಾಯಿ

ನಾನು ಹುಲ್ಲು ಕತ್ತರಿಸುವ ಯಂತ್ರ. ತಳ್ಳುವ ಜಾತಿಯಲ್ಲ, ಮೇಲೆ ಕೂತು ಓಡಿಸುವ ಜಾತಿ. ನಾಲ್ಕು ಚಕ್ರ, ಒಂದು ಸ್ಟೇರಿಂಗ್, ಹೊಟ್ಟೆಯ ಕೆಳಗೆ ತಿರುಗುವ ಬ್ಲೇಡು. ನೋಡಿದವರು ಮಕ್ಕಳ ಟ್ರ್ಯಾಕ್ಟರ್ ಎಂದುಕೊಳ್ಳುತ್ತಾರೆ. ಎಂದುಕೊಳ್ಳಲಿ, ನನಗೇನೂ ಬೇಜಾರಿಲ್ಲ.

ನನ್ನನ್ನು ಹುಟ್ಟಿಸಿದ ಕಾರ್ಖಾನೆಯಲ್ಲಿ ಒಂದು ಪಾಠವನ್ನು ಚೆನ್ನಾಗಿ ತಲೆಗೆ ತುಂಬಿದರು. ಸೀಟಿನ ಮೇಲೆ ಜನ ಇಲ್ಲದಿದ್ದರೆ ಓಡಕೂಡದು. ಓಡಿಸುವವರು ಜಾರಿ ಬಿದ್ದರೆ ಕಾಲು ಬ್ಲೇಡಿಗೆ ಸಿಗಬಾರದಲ್ಲ, ಅದಕ್ಕೆ. ಸೀಟಿನ ಅಡಿಯಲ್ಲಿ ಒಂದು ಸ್ವಿಚ್ಚಿದೆ. ಭಾರ ಬಿದ್ದು ಸೀಟು ಕೆಳಗಿಳಿದರೆ ಯಾರೋ ಕೂತಿದ್ದಾರೆ ಎಂದು ನನಗೆ ತಿಳಿಯುತ್ತದೆ. ಇಲ್ಲದಿದ್ದರೆ ಬ್ರೇಕಿನಿಂದ ಕಾಲು ತೆಗೆದ ಕೂಡಲೇ ನಿಂತುಬಿಡುತ್ತೇನೆ. ಈ ವಿಧೇಯತೆಯೇ ಮುಂದೆ ಒಬ್ಬರ ಅನ್ನಕ್ಕೆ ಕಲ್ಲು ಹಾಕುವುದರಲ್ಲಿತ್ತು.

ಲಾರಿಯಲ್ಲಿ ಕುಲುಕುತ್ತಾ ಬಂದು ಮೈಸೂರಿನ ಒಂದು ಅಂಗಡಿಯಲ್ಲಿ ಇಳಿದೆ. ನನ್ನ ಎಡಕ್ಕೆ ಕೆಂಪು ಬಣ್ಣದ ದೊಡ್ಡಣ್ಣ, ಬಲಕ್ಕೆ ಸ್ಟೇರಿಂಗ್ ಬದಲು ಎರಡು ಹಿಡಿಕೆಗಳಿದ್ದ ಹೊಸ ಬಗೆಯವನು. ಬಂದವರೆಲ್ಲ ಅವರನ್ನು ಸವರಿ ನೋಡುತ್ತಿದ್ದರು. ನಾನು ನಡುವೆ ಧೂಳು ತಿನ್ನುತ್ತಿದ್ದೆ.

ಒಂದು ದಿನ ಊರಾಚೆಯ ಕ್ಲಬ್ಬೊಂದರ ಕಾರ್ಯದರ್ಶಿ ನಂಜರಾಜ ಅರಸು ಬಂದರು. ಭಾರಿ ಆಳು. ಜೊತೆಗೆ ಕ್ಲಬ್ಬಿನ ಮೈದಾನ ನೋಡಿಕೊಳ್ಳುವ ಚಿಕ್ಕತಾಯಮ್ಮ. ಕಡ್ಡಿಯಂಥ ಹೆಂಗಸು. ಚಪ್ಪಲಿ ಹೊರಗೇ ಬಿಟ್ಟು ಬಂದಿದ್ದರು. ಬಹಳ ಕಾಲ ತಳ್ಳುವ ಯಂತ್ರ ತಳ್ಳಿ ಅವರ ಭುಜ ಹೋಗಿತ್ತು. ಇನ್ನು ತಳ್ಳಕೂಡದು ಎಂದು ಡಾಕ್ಟರು ಹೇಳಿಯಾಗಿತ್ತು. ಕೂತು ಓಡಿಸುವ ಯಂತ್ರ ಬಂದರೆ ಅವರ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಮೈದಾನ ಕಂಟ್ರಾಕ್ಟಿನವರ ಪಾಲು. ಅರಸರೇ ಅಂಗಡಿಯ ಮೆಕ್ಯಾನಿಕ್ ಇಮ್ತಿಯಾಜನಿಗೆ ಹೀಗೆಂದು ಹೇಳಿದ್ದರಿಂದ ನನಗೂ ಗೊತ್ತಾಯಿತು.

ಕೆಂಪು ದೊಡ್ಡಣ್ಣ ಕ್ಲಬ್ಬಿನ ಗೇಟಿನಲ್ಲಿ ಹಿಡಿಸುವುದಿಲ್ಲ ಎಂದಾಯಿತು. ಹಿಡಿಕೆಯವನನ್ನು ನೋಡಿ ಚಿಕ್ಕತಾಯಮ್ಮ, "ಎತ್ತಿನ ಮೂಗುದಾರ ಹಿಡ್ದಂಗೈತೆ, ನಂಗಾಗಾಕಿಲ್ಲ ಸಾ" ಎಂದರು. ಉಳಿದವನು ನಾನು.

"ಬಾಮ್ಮ, ಒಂದ್ಸಲ ಕೂತು ನೋಡು" ಎಂದು ಅರಸು ಕರೆದರು.

"ಪೂಜೆ ಆಗ್ದಲೇ ಕೂರಾದಾ? ಬ್ಯಾಡಿ ಸಾ. ನೀವೇ ಕುಂತು ನೋಡಿ, ನಿಮ್ಗೆ ಸರಿ ಅಂದ್ರೆ ನಂಗೂ ಸರಿ."

ಅರಸು ಕೂತರು. ನನ್ನ ಬೆನ್ನು ನೆಲ ಕಚ್ಚಿತು. ಇಮ್ತಿಯಾಜ್ ಸೀಟಿನ ಕೆಳಗೆ ಕೈ ಹಾಕಿ ಸ್ಪ್ರಿಂಗನ್ನು ಬಿಗಿ ಮಾಡಿದ. ಅರಸು ಒಂದು ಸುತ್ತು ಹೊಡೆದು "ಇದೇ ಇರಲಿ" ಎಂದರು. ಹೀಗೆ ಒಬ್ಬರು ಓಡಿಸಲಿಕ್ಕೆಂದು ಇನ್ನೊಬ್ಬರು ಕೂತು ನೋಡಿ ನನ್ನನ್ನು ಆರಿಸಿದರು.

ಆಯುಧಪೂಜೆಯ ದಿನ ನನ್ನ ಮೂತಿಗೆ ಚೆಂಡುಹೂವಿನ ಹಾರ ಬಿತ್ತು. ಚಕ್ರಗಳ ಮುಂದೆ ನಿಂಬೆಹಣ್ಣು, ನೆತ್ತಿಯ ಮೇಲೆ ದೃಷ್ಟಿ ತೆಗೆದು ಒಡೆಯಲು ತಂದ ದಪ್ಪ ಬೂದುಗುಂಬಳ. ಕ್ಲಬ್ಬಿನ ಸದಸ್ಯರೆಲ್ಲ ಸುತ್ತ ನಿಂತಿದ್ದರು. ಚಿಕ್ಕತಾಯಮ್ಮ ನನಗೆ ಕೈ ಮುಗಿದು ಹತ್ತಿ ಕೂತರು. ಕೀಲಿ ತಿರುಗಿಸಿದರು, ಬ್ರೇಕಿನಿಂದ ಕಾಲು ತೆಗೆದರು. ನಾನು ನಿಂತುಬಿಟ್ಟೆ.

ನನ್ನ ತಪ್ಪಿಲ್ಲ. ಬಿಗಿಯಾದ ಸೀಟು ಅವರ ಭಾರಕ್ಕೆ ಕೂದಲೆಳೆಯಷ್ಟೂ ಇಳಿಯಲಿಲ್ಲ. ನನ್ನ ಲೆಕ್ಕದಲ್ಲಿ ಅಲ್ಲಿ ಯಾರೂ ಕೂತೇ ಇರಲಿಲ್ಲ.

ಅವರು ಮತ್ತೆ ಮತ್ತೆ ಕೀಲಿ ತಿರುಗಿಸಿದರು. ಅದೇ ಕಥೆ. ಅರಸು ತಾವೇ ಹತ್ತಿ, ನಿಂಬೆಹಣ್ಣು ತುಳಿಯದ ಹಾಗೆ ಸ್ವಲ್ಪ ಹಿಂದಕ್ಕೆ ಓಡಿಸಿ ನೋಡಿದರು. ನಾನು ಜಂಬದಿಂದ ಓಡಿದೆ. ಚಿಕ್ಕತಾಯಮ್ಮ ಕೂತರೆ ಮತ್ತೆ ತೆಪ್ಪಗಾದೆ.

"ಹೆಂಗಸರ ಕೈಗೆ ಮಿಷನ್ ಒಗ್ಗಲ್ಲ ಬಿಡಿ" ಎಂದರು ಯಾರೋ ಒಬ್ಬರು.

ಅರಸು ಚಿಕ್ಕತಾಯಮ್ಮನ ಮುಖ ನೋಡಲಾರದೆ ತಲೆ ಕೆಳಗೆ ಹಾಕಿದರು. "ಏನ್ ಮಾಡೋದಮ್ಮ, ಇದನ್ನ ವಾಪಸ್ ಕೊಟ್ಟು ಕಂಟ್ರಾಕ್ಟಿನೋರಿಗೇ ಹೇಳ್ಬೇಕಾಗುತ್ತೆ."

ಚಿಕ್ಕತಾಯಮ್ಮ ಸ್ಟೇರಿಂಗ್ ಬಿಡಲಿಲ್ಲ. ನನಗೆ ಬಾಯಿ ಇಲ್ಲದ್ದಕ್ಕೆ ಅಂದು ಅತ್ತಷ್ಟು ಎಂದೂ ಅತ್ತಿಲ್ಲ.

"ಇನ್ನೊಂದೇ ಒಂದ್ ಸಲ ಸಾ" ಎಂದರು ಚಿಕ್ಕತಾಯಮ್ಮ. ಮುಂದೆ ನುಗ್ಗಿದರೆ ನನ್ನ ನೆತ್ತಿಯ ಮೇಲಿದ್ದ ಕುಂಬಳಕಾಯಿ ಉರುಳಿ ಬಿದ್ದೀತು, ಅದು ಬೇರೆ ಅಪಶಕುನ ಎಂದು ಅದನ್ನೆತ್ತಿ ಮಡಿಲಲ್ಲಿಟ್ಟುಕೊಂಡರು. ಸೀಟು ಇಳಿಯಿತು. ಸ್ವಿಚ್ಚು ಒತ್ತಿಕೊಂಡಿತು. ಓಹೋ, ಬಂದಿರಾ ತಾಯಿ! ಬ್ರೇಕ್ ಬಿಟ್ಟದ್ದೇ ನಿಂಬೆಹಣ್ಣುಗಳನ್ನು ಪಚಕ್ಕನೆ ತುಳಿದು ಹೊರಟೆ.

ಮೈದಾನಕ್ಕೆ ಒಂದು ಸುತ್ತು ಹಾಕಿ ಬಂದೆವು. ಎಲ್ಲರೂ ಚಪ್ಪಾಳೆ ತಟ್ಟಿದರು. ಒಡೆಯಲೆಂದು ಯಾರೋ ಅವರ ಮಡಿಲಿನಿಂದ ಕಾಯಿ ಎತ್ತಿಕೊಂಡರು. ಚಿಕ್ಕತಾಯಮ್ಮ ಬ್ರೇಕಿನಿಂದ ಕಾಲು ತೆಗೆದದ್ದೇ ನನ್ನ ಎಂಜಿನ್ ಮತ್ತೆ ನಿಂತಿತು.

ಅರಸು ಒಮ್ಮೆ ಕಾಯಿಯನ್ನು, ಒಮ್ಮೆ ಸೀಟನ್ನು ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಅಯ್ಯೋ, ಇದಕ್ಕೆ ತೂಕ ಸಾಲ್ತಿಲ್ಲ ಕಣ್ರೀ!"

ಫೋನು ಹೋಯಿತು, ಇಮ್ತಿಯಾಜ್ ಓಡಿ ಬಂದ. "ಸಾರ್, ಅಂಗಡೀಲಿ ಕೂತಿದ್ದು ನೀವು. ನಿಮ್ಮ ತೂಕಕ್ಕೆ ಸ್ಪ್ರಿಂಗ್ ಬಿಗಿ ಮಾಡಿದ್ದೆ. ಓಡ್ಸೋದು ಈ ಅಮ್ಮ ಅಂತ ನೀವು ಹೇಳಿದ್ರೂ ಆಗ ನನಗೆ ನೆನಪಾಗ್ಲೇ ಇಲ್ಲ" ಎಂದು ಸೀಟಿನ ಕೆಳಗಿನ ತಿರುಪನ್ನು ಸಡಿಲ ಮಾಡಿದ.

"ನಾನ್ ಕುಂತಿರಾದೇ ಇದ್ಕೆ ಗೊತ್ತಾಯ್ತಿರ್ನಿಲ್ವಾ!" ಎಂದು ಚಿಕ್ಕತಾಯಮ್ಮ ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು ಬ್ರೇಕ್ ಬಿಟ್ಟರು. ನಾನು ಹೊರಟೆ. ನನ್ನ ಎದೆಯ ಮೇಲಿನ ಬಂಡೆ ಇಳಿಯಿತು.

ಆ ಕುಂಬಳಕಾಯಿಯನ್ನು ಒಡೆಯಲು ಅವರು ಬಿಡಲಿಲ್ಲ. ಅರಸು ಇನ್ನೊಂದು ತರಿಸಿದರು. ಮಡಿಲಿನ ಕಾಯಿ ಮರುದಿನ ಮಜ್ಜಿಗೆಹುಳಿಯಾಗಿ ಕ್ಲಬ್ಬಿಗೇ ಬಂತು. 'ಒಗ್ಗಲ್ಲ' ಎಂದವರು ಎರಡು ಸಲ ಹಾಕಿಸಿಕೊಂಡು ಉಂಡರಂತೆ.

ಅನೇಕ ಮಳೆಗಾಲಗಳ ಹುಲ್ಲನ್ನು ನಾವಿಬ್ಬರೂ ಸೇರಿ ಕತ್ತರಿಸಿದೆವು. ಈಗ ನನ್ನ ಎಂಜಿನ್ ಕೆಮ್ಮುತ್ತದೆ, ಬ್ಲೇಡು ಸವೆದಿದೆ. ಶೆಡ್ಡಿನ ಮೂಲೆಯಲ್ಲಿ, ಅವರ ಭುಜ ತಿಂದ ಆ ಹಳೆಯ ತಳ್ಳುವ ಯಂತ್ರದ ಪಕ್ಕದಲ್ಲಿ ಇದ್ದೇನೆ.

ಹೊಸ ಯಂತ್ರ ಆರಿಸಲು ಹೋದ ದಿನ ಚಿಕ್ಕತಾಯಮ್ಮ ಸಂಜೆ ಶೆಡ್ಡಿಗೆ ಬಂದು ನನ್ನ ಸೀಟಿನ ಮೇಲೆ ಕೂತರು. "ಈ ಸಲ ಅರಸ್ನೋರು ಕೂರಕ್ ಬಂದ್ರು. ನೀವ್ ಪಕ್ಕಕ್ಕೆ ನಿಂತ್ಕಳಿ ಸಾ, ಓಡ್ಸೋಳು ನಾನು ಅಂದೆ. ಒಂದೊಂದ್ರ ಮ್ಯಾಲೂ ನಾನೇ ಕುಂತು ನೋಡ್ದೆ" ಎಂದರು.

ಪೂಜೆ ಆಗದಿದ್ದರೂ ಕೂತರಂತೆ! ನನಗೆ ಸಮಾಧಾನವಾಯಿತು. ಸೀಟು ಮೆಲ್ಲಗೆ ಕೆಳಗಿಳಿದು ಸ್ವಿಚ್ಚು ಒತ್ತಿಕೊಂಡಿತು. ಎಂಜಿನ್ ಕೆಮ್ಮಿದರೂ, ಕೂತವರು ಯಾರೆಂದು ನನಗೆ ಗೊತ್ತಾಗುತ್ತದೆ.