ಪಾಲಿಶಕ್ಕ ತೆರೆದ ಮೇಲ್

ಕೆಳದವಡೆಯ ಕಟ್ಟುಹಲ್ಲನ್ನು ತಿರುಗುವ ಚಕ್ರಕ್ಕೆ ಹಿಡಿದಿದ್ದ ಪಾಲಿಶಕ್ಕ, ಹೊಳಪು ಬಂತೇ ಎಂದು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದಳು. ಇದೊಂದು ಮುಗಿದರೆ ಮುಂದೆ ಕೆಲಸವಿಲ್ಲ. ಕಟ್ಟುಹಲ್ಲು ಮಾಡುವ ಆ ಪುಟ್ಟ ಕಂಪನಿಯ ಕಂಪ್ಯೂಟರುಗಳೆಲ್ಲ ನಿನ್ನೆ ಮಧ್ಯಾಹ್ನದಿಂದ ಬೀಗ ಜಡಿದುಕೊಂಡು ಕೂತಿದ್ದವು. ಪರದೆಯ ಮೇಲೆ ಒಂದೇ ಬರಹ: ಮೂರು ದಿನದೊಳಗೆ ಬಿಟ್‌ಕಾಯಿನ್‌ನಲ್ಲಿ ಹಣ ಕಳಿಸಿ, ಇಲ್ಲವಾದರೆ ನಿಮ್ಮ ಫೈಲುಗಳ ಆಸೆ ಬಿಡಿ. ನೂರಾರು ಬಾಯಿಗಳ ಅಳತೆ ಒಳಗೆ ಸಿಕ್ಕಿಬಿದ್ದಿತ್ತು.

"ಅದೇನು ಕಾಯಿನ್ನೋ! ಕಣ್ಣಿಗೂ ಕಾಣಲ್ಲ, ಕೈಗೂ ಸಿಗಲ್ಲ. ಥೇಟ್ ನಮ್ಮ ಬೋನಸ್ಸು," ಎಂದರು ಅಚ್ಚು ಎರೆಯುವ ಹಿರಿಯರು.

ಎಲ್ಲರೂ ನಕ್ಕರು. ಅಳತೆಗಳನ್ನು ಕಂಪ್ಯೂಟರಿಗೆ ಏರಿಸುವ ಸ್ಕ್ಯಾನಿನವಳು ಮಾತ್ರ ತಲೆ ಎತ್ತಲಿಲ್ಲ. ಈ ಬೀಗಕ್ಕೆಲ್ಲ ಕಾರಣವಾದ, 'ನಿಮ್ಮ ಪಾರ್ಸೆಲ್ ಬಂದಿದೆ' ಎಂಬ ಸುಳ್ಳು ಇ-ಮೇಲನ್ನು ತೆರೆದದ್ದು ಅವಳ ಕಂಪ್ಯೂಟರಿನಲ್ಲೇ ಎಂದು ಪತ್ತೆಯಾಗಿತ್ತು. ನಾಲ್ಕು ಗಂಟೆಗೆ ಬಂದು ಕಾಣು ಎಂದು ಮಾಲೀಕರು ಅವಳಿಗೆ ಹೇಳಿಕಳಿಸಿದ್ದರು. ಕೆಲಸ ಹೋದಂತೆಯೇ.

ತೆರೆದವಳು ಪಾಲಿಶಕ್ಕ. ಅದು ಅವರಿಬ್ಬರಿಗೆ ಮಾತ್ರ ಗೊತ್ತು.

ಆರು ತಿಂಗಳಿಂದ ಊಟದ ಬಿಡುವಿನಲ್ಲಿ ಸ್ಕ್ಯಾನಿನವಳ ಕುರ್ಚಿಯಲ್ಲಿ ಕೂತು ಪಾಲಿಶಕ್ಕ ಗುಟ್ಟಾಗಿ ಕಂಪ್ಯೂಟರ್ ಕಲಿಯುತ್ತಿದ್ದಳು. "ಒತ್ತಿ ಅಕ್ಕಾ, ಅದೇನು ಕಚ್ಚಲ್ಲ," ಎಂದು ಪಾಸ್‌ವರ್ಡನ್ನೂ ಹೇಳಿಕೊಟ್ಟವಳು ಸ್ಕ್ಯಾನಿನವಳೇ. ಮನೆಯಲ್ಲಿ ಟಿವಿ ರಿಮೋಟ್ ಮುಟ್ಟಿದರೂ ಗಂಡ "ಕೆಡಿಸ್ತೀಯ, ಇಡು" ಎನ್ನುತ್ತಿದ್ದ. ನಿನ್ನೆ ಒಬ್ಬಳೇ ಇದ್ದಾಗ ಮೇಲ್ ಬಂತು. ಯಾರನ್ನೂ ಕೇಳದೆ ತೆರೆದೆನಲ್ಲ ಎಂದು ಒಂದು ಗಳಿಗೆ ಹಿಗ್ಗಿಹೋಗಿದ್ದಳು.

ಈಗ ಸ್ಕ್ಯಾನಿನವಳ ಪಕ್ಕಕ್ಕೆ ಹೋಗಿ ತಗ್ಗಿದ ದನಿಯಲ್ಲಿ ಕೇಳಿದಳು: "ಯಾಕೆ ಬಾಯಿ ಬಿಡ್ಲಿಲ್ಲ ನೀನು?"

"ಪಾಸ್‌ವರ್ಡ್ ಕೊಟ್ಟವಳು ನಾನೇ ಅಲ್ವಾ?"

"ಚಿಕ್ಕ ಮಗು ಇದೆ ಕಣೇ ನಿಂಗೆ."

"ನಂಗೆ ಇನ್ನೆಲ್ಲಾದ್ರೂ ಸಿಗುತ್ತೆ. ಈ ವಯಸ್ಸಲ್ಲಿ ನೀವೆಲ್ಲಿಗೆ ಹೋಗ್ತೀರಿ ಅಕ್ಕಾ? ಸುಮ್ನಿರಿ."

ಅಷ್ಟು ಅಕ್ಕರೆಯ ಮಾತು. ಆದರೂ ಮೀನಿನ ಮುಳ್ಳಿನಂತೆ ಗಂಟಲಲ್ಲಿ ನಿಂತಿತು. ಮುಟ್ಟಬೇಡ ಎನ್ನುವ ಗಂಡ, ಸುಮ್ಮನಿರಿ ಎನ್ನುವ ಇವಳು. ಇಬ್ಬರೂ ತನ್ನನ್ನು ಒಡೆದುಹೋಗುವ ಸಾಮಾನಿನಂತೆ ಎತ್ತಿಡುತ್ತಿದ್ದಾರೆ ಎನ್ನಿಸಿತು. ತೆರೆದ ಹಿಗ್ಗು ತನ್ನದಾಗಿತ್ತಲ್ಲ, ಅದರ ತಪ್ಪು ಮಾತ್ರ ಬೇರೆಯವರದು ಹೇಗಾದೀತು?

ಮರಳಿ ಬಂದು ಹಲ್ಲಿನ ಸೆಟ್ಟನ್ನು ತೊಳೆದು, ಒರೆಸಿ, ಡಬ್ಬಿಯಲ್ಲಿಟ್ಟಳು. ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಏಪ್ರನ್ ಬಿಚ್ಚಿ ಮೊಳೆಗೆ ತಗುಲಿಸಿದಳು.

"ಎಲ್ಲಿಗಕ್ಕಾ?" ಎಂದಳು ಸ್ಕ್ಯಾನಿನವಳು.

"ಕೈ ತೊಳ್ಕೊಂಡು ಬರ್ತೀನಿ," ಎಂದವಳು ನಲ್ಲಿಯನ್ನು ದಾಟಿ ಮಾಲೀಕರ ಕೋಣೆಯತ್ತ ನಡೆದಳು.